ಮೊಂಡುಗತ್ತಿ ಮನೆತನ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿರುವ ಚಂದ್ರಕುಮಾರನ ಸೆಲೂನಿಗೆ ಹೆಂಗಸರು ಬರುವುದು ಮಕ್ಕಳ ಕಟಿಂಗ್ ಮಾಡಿಸಲು ಮಾತ್ರ. ಹಾಗಾಗಿ ಆ ಬುಧವಾರ ಬೆಳಿಗ್ಗೆ, ಅರವತ್ತು ದಾಟಿದ ಹೆಂಗಸೊಬ್ಬರು ಒಬ್ಬರೇ ಬಂದು ಬಾಗಿಲಲ್ಲಿ ನಿಂತಾಗ, ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ ಚಂದ್ರಕುಮಾರ ಬ್ರಷ್ ಹಿಡಿದುಕೊಂಡೇ ತಿರುಗಿ ನೋಡಿದ.

"ಇಲ್ಲಿ ಮೊಂಡುಗತ್ತಿ ಸಿದ್ದಪ್ಪ ಅನ್ನೋರ ಮನೆಯವರು ಯಾರಾದ್ರೂ ಇದ್ದಾರಾ?" ಎಂದು ಅವರು ಕೇಳಿದರು.

ಕುರ್ಚಿಯಲ್ಲಿದ್ದ ಗಿರಾಕಿ ನಕ್ಕ. ಚಂದ್ರಕುಮಾರ ನಗಲಿಲ್ಲ. ಆ ಹೆಸರನ್ನು ಆ ಮನೆಯವರ ಎದುರಿಗೆ ಯಾರೂ ಹೇಳುತ್ತಿರಲಿಲ್ಲ. ಗೋಡೆಯ ಬೆಂಚಿನ ಮೇಲೆ ಪೇಪರ್ ಓದುತ್ತ ಕುಳಿತಿದ್ದ ಅವನ ಅಪ್ಪ ಲಕ್ಷ್ಮಣಪ್ಪ ಪೇಪರನ್ನು ನಿಧಾನವಾಗಿ ಮಡಚಿದ. ಅವನಿಗೆ ಎಪ್ಪತ್ತೇಳು. ಅಂಗಡಿಯನ್ನು ಮಗನಿಗೆ ಬಿಟ್ಟು ಹತ್ತು ವರ್ಷವಾಗಿದ್ದರೂ ದಿನಾ ಬಂದು ಆ ಬೆಂಚಿನ ಮೇಲೆ ಕೂರುತ್ತಿದ್ದ.

"ಯಾಕ್ರಮ್ಮ, ಏನಾಗ್ಬೇಕಿತ್ತು?"

"ನಾನು ಕೋಮಲಾ ಅಂತ, ಕಡೂರಿನವಳು. ಬ್ಯಾಂಕಲ್ಲಿದ್ದೆ, ಈಗ ರಿಟೈರ್ ಆಗಿದೀನಿ. ಆ ಮನೆಯವರಿಗೆ ಒಂದು ಮಾತು ಹೇಳೋದಿದೆ."

"ಹೇಳಿ. ಸಿದ್ದಪ್ಪ ನಮ್ ತಾತ."

ಕೋಮಲಾ ಕೈಚೀಲವನ್ನು ಭುಜಕ್ಕೆ ಏರಿಸಿಕೊಂಡು ಎರಡೂ ಕೈ ಜೋಡಿಸಿ ಲಕ್ಷ್ಮಣಪ್ಪನಿಗೆ ನಮಸ್ಕರಿಸಿದರು. ಕಣ್ಣು ಒದ್ದೆಯಾಗಿತ್ತು. ಅವನಿಗೆ ಗಾಬರಿಯಾಯಿತು. ತನಗಿಂತ ದೊಡ್ಡ ಮನೆತನದವರಂತೆ ಕಾಣುವ ಹೆಂಗಸು ಅಂಗಡಿ ಬಾಗಿಲಲ್ಲಿ ನಿಂತು ಕೈಮುಗಿಯುವುದನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. "ಇಲ್ಲಿ ಬ್ಯಾಡ, ಮನೆ ಹಿಂದೇನೇ ಐತೆ, ಬನ್ನಿ ತಾಯಿ" ಎಂದು ಎದ್ದ.

ಆ ಅಡ್ಡಹೆಸರಿನ ವಿಷಯ ಇಲ್ಲಿ ಹೇಳಬೇಕು. ಸಿದ್ದಪ್ಪ ಬುಕ್ಕಾಂಬುಧಿ ಕಡೆಯ ಒಂದು ಹಳ್ಳಿಯ ಕ್ಷೌರಿಕ. ಮೊದಲನೇ ಮಹಾಯುದ್ಧದಲ್ಲಿ ಮೈಸೂರಿನ ಪಡೆಯ ಜೊತೆ ಇರಾಕಿನ ಬಸ್ರಾಕ್ಕೆ ಹೋಗಿ, ಮೂರು ವರ್ಷ ಸಿಪಾಯಿಗಳ ತಲೆಗೂದಲು ಕತ್ತರಿಸಿ, ಗಡ್ಡ ಹೆರೆದು ಬಂದವನು. ಬಂದ ಮೇಲೆ ಊರಿನಲ್ಲಿ ಏಳೆಂಟು ವರ್ಷ ಇದ್ದ. ಆಮೇಲೆ ಊರಿನವರು ಅವನನ್ನು ಹೊರಗೆ ಹಾಕಿದರು. ಯಾಕೆ ಎಂದರೆ ನೆಂಟರಿಷ್ಟರಲ್ಲಿ ಒಂದೇ ಉತ್ತರವಿತ್ತು. ಯುದ್ಧದ ಗುಂಡಿನ ಸದ್ದಿಗೆ ಅವನ ಕೈಗೆ ನಡುಕ ಹತ್ತಿತ್ತು, ಕತ್ತಿ ಮಸೆಯುವುದಕ್ಕೂ ಬರುತ್ತಿರಲಿಲ್ಲ, ಮೊಂಡುಗತ್ತಿಯಲ್ಲಿ ಊರಿನ ದೊಡ್ಡವರ ರಕ್ತ ಬರಿಸಿದ. ಕ್ಷೌರಿಕನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ಮೊಂಡುಗತ್ತಿಯವರು ಎಂಬ ಹೆಸರು ಮೂರು ತಲೆಮಾರಿಗೂ ಅಂಟಿತು. ಲಕ್ಷ್ಮಣಪ್ಪ ಇಪ್ಪತ್ತೆರಡನೇ ವಯಸ್ಸಿನಲ್ಲಿ ತರೀಕೆರೆಗೆ ಹೆಣ್ಣು ನೋಡಲು ಹೋದಾಗ ಹೆಣ್ಣಿನ ಚಿಕ್ಕಪ್ಪ ಲೋಟದ ಅಂಚಿನವರೆಗೆ ಕಾಫಿ ತುಂಬಿ ಅವನ ಕೈಗೆ ಕೊಟ್ಟು, "ಇದನ್ನ ಚೆಲ್ದಂಗೆ ಬಾಗಿಲ ತನಕ ತಗಂಡೋಗಿ ಬಾರಪ್ಪ, ನೋಡಾಣ" ಎಂದಿದ್ದರು. ಎಲ್ಲರೂ ನಕ್ಕರು. ಅವನು ಒಂದು ಹನಿಯೂ ಚೆಲ್ಲದೆ ಹೋಗಿ ಬಂದ. ಆ ಹುಡುಗಿಯನ್ನೇ ಮದುವೆಯೂ ಆದ. ಆದರೆ ಐವತ್ತೈದು ವರ್ಷದ ಮೇಲೂ ಆ ಲೋಟ ಅವನಿಗೆ ಮರೆತಿರಲಿಲ್ಲ.

ಮನೆಯ ಪಡಸಾಲೆಯಲ್ಲಿ ಕುಳಿತ ಕೋಮಲಾ ನೀರು ಕುಡಿದು ಸುಧಾರಿಸಿಕೊಂಡರು. ಗಿರಾಕಿಯನ್ನು ಮುಗಿಸಿ ಚಂದ್ರಕುಮಾರನೂ ಬಂದು ಬಾಗಿಲಿಗೆ ಒರಗಿ ನಿಂತ.

"ನಮ್ಮಜ್ಜಿ ಹೆಸರು ಕಾಮಾಕ್ಷಮ್ಮ" ಎಂದು ಅವರು ಶುರುಮಾಡಿದರು. "ನಿಮ್ಮ ತಾತನ ಊರಿಗೇ ಅವರನ್ನ ಕೊಟ್ಟಿದ್ದು. ಹದಿನಾಲ್ಕಕ್ಕೆ ಮದುವೆ. ಹದಿನಾರಕ್ಕೆ ಗಂಡ ವಿಷಮಜ್ವರ ಬಂದು ತೀರಿಹೋದ್ರು. ಸಾವಿರದ ಒಂಬೈನೂರ ಇಪ್ಪತ್ತಾರನೇ ಇಸವಿ. ನಮ್ಮ ಜನದಲ್ಲಿ ಆಗ ಏನು ಪದ್ಧತಿ ಇತ್ತು ಅಂತ ನಿಮಗೆ ಗೊತ್ತಲ್ಲ."

ಲಕ್ಷ್ಮಣಪ್ಪನಿಗೆ ಗೊತ್ತಿತ್ತು. ಬ್ರಾಹ್ಮಣರ ಮನೆಯ ಹಿತ್ತಿಲಲ್ಲಿ ಕೆಂಪು ಸೀರೆ ಹೊದ್ದ, ತಲೆ ಬೋಳಿಸಿದ ಮುದುಕಿಯರನ್ನು ಅವನು ಚಿಕ್ಕವನಿದ್ದಾಗ ನೋಡಿದ್ದ. ಆ ಕೆಲಸ ಮಾಡಬೇಕಾದವರು ತನ್ನ ಕುಲದವರೇ ಎಂಬುದೂ ಗೊತ್ತಿತ್ತು.

ಗಂಡ ತೀರಿದ ಹತ್ತನೇ ದಿನ ಸಿದ್ದಪ್ಪನನ್ನು ಕರೆಸಿದ್ದರು ಎಂದು ಕೋಮಲಾ ಮುಂದುವರಿಸಿದರು. ಬೆಳಿಗ್ಗೆ ಮನೆಯ ಗಂಡಸರಿಗೆಲ್ಲ ಕ್ಷೌರವಾಯಿತು. ಆಮೇಲೆ ಹಿತ್ತಿಲ ಬಾವಿಯ ಹತ್ತಿರ ಕಾಮಾಕ್ಷಿಯನ್ನು ತಂದು ಕೂರಿಸಿದರು. ಅವಳ ಕೂದಲು, ಕೂತಿದ್ದ ಮಣೆಯನ್ನೂ ದಾಟಿ ನೆಲಕ್ಕೆ ಬಿದ್ದಿತ್ತಂತೆ. ಎರಡು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಆ ಮನೆಗೆ ಬರುತ್ತಿದ್ದ ಸಿದ್ದಪ್ಪನ ಜೊತೆ ಅವಳು ಒಂದು ಮಾತೂ ಆಡಿದವಳಲ್ಲ. ಆವತ್ತು ಅವನು ಹತ್ತಿರ ಬಂದು ಕೂತಾಗ ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು. "ಸಿದ್ದಣ್ಣ, ಇದೊಂದು ಬಿಟ್ಟುಬಿಡು."

ಸಿದ್ದಪ್ಪ ಹಡಪದ ಚೀಲ ಬಿಚ್ಚಿದ. ಕತ್ತಿ ತೆಗೆದು ಹೆಬ್ಬೆರಳಿನಲ್ಲಿ ಸವರಿ ನೋಡಿದ. ಹಿತ್ತಿಲ ಜಗಲಿಯ ಮೇಲೆ ಕೂತಿದ್ದ ಅವಳ ಮಾವನವರ ಕಡೆ ತಿರುಗಿದ.

"ಕತ್ತಿ ಮೊಂಡಾಗೈತೆ ಸ್ವಾಮಿ."

"ಬೆಳಿಗ್ಗೆ ನನಗೆ ಮಾಡಿದಾಗ ಸರಿಯಿತ್ತಲ್ಲೋ."

"ಆವಾಗ ಸರಿಗಿತ್ತು ಸ್ವಾಮಿ. ಈಗ ಮೊಂಡಾಗೈತೆ."

ಹೋಗಿ ಮಸೆದುಕೊಂಡು ಬಾ ಎಂದರು. ಅವನು ತನ್ನ ಗುಡಿಸಲಿನ ಮುಂದೆ, ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ, ಸಂಜೆಯವರೆಗೂ ಕತ್ತಿ ಮಸೆದ. ಮಾರನೇ ದಿನ ಬಂದು ಮತ್ತೆ ಸವರಿ ನೋಡಿ, ಇನ್ನೂ ಮೊಂಡೇ ಎಂದ. ಅಕ್ಕಪಕ್ಕದ ಹಳ್ಳಿಗಳ ಕ್ಷೌರಿಕರಿಗೆ ಹೇಳಿಕಳಿಸಿದರು. ಯಾರೂ ಬರಲಿಲ್ಲ. ಒಬ್ಬನಿಗೆ ಜ್ವರ, ಒಬ್ಬನ ಮನೆಯಲ್ಲಿ ಸೂತಕ, ಒಬ್ಬ ನೆಂಟರ ಊರಿಗೆ ಹೋಗಿದ್ದಾನೆ. ಅವರೆಲ್ಲರ ಮನೆಗೂ ಸಿದ್ದಪ್ಪ ಹಿಂದಿನ ರಾತ್ರಿಯೇ ಹೋಗಿ ಮಾತಾಡಿ ಬಂದಿದ್ದ. ಮೂರನೇ ದಿನ ಮಾವನವರಿಗೆ ತಡೆಯಲಾಗಲಿಲ್ಲ. ಅವನ ಕೈಯಿಂದ ಕತ್ತಿ ಕಿತ್ತುಕೊಂಡು ತಾವೇ ಹೆಬ್ಬೆರಳಿಟ್ಟು ಪರೀಕ್ಷೆ ಮಾಡಿದರು. ಬೆರಳು ಕುಯ್ದು ರಕ್ತ ಸುರಿಯಿತು. ಆಗ ಇಡೀ ಊರಿಗೆ ವಿಷಯ ಅರ್ಥವಾಯಿತು.

ಲಕ್ಷ್ಮಣಪ್ಪ ಇಲ್ಲಿಯವರೆಗೆ ತಲೆ ತಗ್ಗಿಸಿ ಕೇಳುತ್ತಿದ್ದ. ಈಗ ಮುಖ ಎತ್ತಿದ.

"ರಕ್ತ ಬರಿಸಿದ್ದು ಅಂದ್ರೆ ಅದಾ?"

"ಅದೇ."

"ಕೈ ನಡುಗ್ತಿತ್ತು ಅಂತಾರಲ್ಲಮ್ಮ ಎಲ್ಲಾರೂ. ಯುದ್ಧದಿಂದ ಬಂದಾಗ್ಲಿಂದ್ಲೂ ನಡುಗ್ತಿತ್ತು ಅಂತ."

"ಅಜ್ಜಿ ಅದನ್ನೂ ಹೇಳ್ತಿದ್ರು. ನನ್ನ ಮೈಯೆಲ್ಲ ನಡುಗ್ತಿತ್ತು, ಸಿದ್ದಣ್ಣ ಕತ್ತಿ ಮಡಚಿ ಚೀಲಕ್ಕೆ ಹಾಕಿದ, ಅವನ ಕೈ ಒಂಚೂರೂ ನಡುಗಲಿಲ್ಲ ಅಂತ."

ಲಕ್ಷ್ಮಣಪ್ಪ ಎದ್ದು ಒಳಗೆ ಹೋದ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಚಂದ್ರಕುಮಾರನಿಗೆ ಅಪ್ಪನ ಹಿಂದೆ ಹೋಗಬೇಕೋ ಬಂದವರ ಜೊತೆ ಇರಬೇಕೋ ತಿಳಿಯಲಿಲ್ಲ. "ಕಾಫಿ ಕುಡೀತೀರಾ ಮೇಡಂ?" ಎಂದು ಕೇಳಿದ. ಕೋಮಲಾ ಹೂಂ ಎಂದರು. ಸ್ವಲ್ಪ ಹೊತ್ತಿಗೆ ಮುಖ ತೊಳೆದುಕೊಂಡು ಲಕ್ಷ್ಮಣಪ್ಪನೇ ಕಾಫಿ ತಂದ.

ಉಳಿದದ್ದನ್ನು ಕೋಮಲಾ ಬೇಗ ಮುಗಿಸಿದರು. ಸಿದ್ದಪ್ಪ ಆ ದಿನಗಳಲ್ಲಿ ಭಾನುವಾರ ಅಜ್ಜಂಪುರ ಸ್ಟೇಷನ್ನಿಗೆ ನಡೆದು ಬಂದು ರೈಲ್ವೆಯವರಿಗೆ ಕ್ರಾಪ್ ಕತ್ತರಿಸುತ್ತಿದ್ದ. ಜುಟ್ಟು ತೆಗೆಸಿ ಕ್ರಾಪ್ ಬಿಡುವುದು ಆಗ ಹೊಸದು. ಬಸ್ರಾದಲ್ಲಿ ಅದನ್ನು ಕಲಿತು ಬಂದವನು ಈ ಕಡೆಗೆಲ್ಲ ಅವನೊಬ್ಬನೇ. ಆ ಪರಿಚಯದ ಮೇಲೆ ಸ್ಟೇಷನ್ನಿನ ಗುಮಾಸ್ತರಿಗೆ ಹೇಳಿ, ಕಡೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದ ಕಾಮಾಕ್ಷಿಯ ಸೋದರಮಾವನಿಗೆ ತಂತಿಯಲ್ಲಿ ಸುದ್ದಿ ಮುಟ್ಟಿಸಿದ. ಆ ಸೋದರಮಾವ ನಾಲ್ಕನೇ ದಿನ ಬಂದು ಜಗಳವಾಡಿ ಹುಡುಗಿಯನ್ನು ರೈಲು ಹತ್ತಿಸಿಕೊಂಡು ಹೋದರು. ಮೈಸೂರಿನಲ್ಲಿ ಓದಿಸಿದರು. ಅಂಥ ಹೆಣ್ಣುಮಕ್ಕಳು ಓದಿ ಮಿಸ್ಟ್ರೆಸ್ ಆಗಲಿ ಎಂದು ಸರ್ಕಾರವೇ ಸ್ಕಾಲರ್‌ಶಿಪ್ ಕೊಡುತ್ತಿದ್ದ ಕಾಲ ಅದು. ಕಾಮಾಕ್ಷಮ್ಮ ಕಡೂರು, ತರೀಕೆರೆ ಕಡೆಯ ಹೆಣ್ಣುಮಕ್ಕಳ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪಾಠ ಹೇಳಿದರು. ಮತ್ತೆ ಮದುವೆಯಾಗಲಿಲ್ಲ. ತಮ್ಮನ ಮಗಳನ್ನು ಸಾಕಿಕೊಂಡರು. ಆ ಮಗಳೇ ಕೋಮಲಾ ಅವರ ತಾಯಿ.

"ದಿನಾ ಎಣ್ಣೆ ಹಚ್ಚಿ ತಲೆ ಬಾಚ್ಕೊಳ್ಳುವಾಗ, ಸಿದ್ದಣ್ಣ ಎಲ್ಲಿದ್ರೂ ಚೆನ್ನಾಗಿರಲಿ ಅನ್ನೋರು. ಸಾಯೋ ತನಕ ಬಿಡಲಿಲ್ಲ. ಆದ್ರೆ ಅವರಿಗೊಂದು ಕೊರಗಿತ್ತು. ಕೆಲಸ ಸಿಕ್ಕಿದ ಮೇಲೆ ಸಿದ್ದಣ್ಣನ ಹೆಂಡ್ತಿ ದುರ್ಗಮ್ಮನಿಗೆ ಅಂತ ಒಂದು ಸೀರೆ ತಗೊಂಡು ಆ ಊರಿಗೆ ಹೋಗಿದ್ರಂತೆ. ಗುಡಿಸಲು ಬಿದ್ದುಹೋಗಿತ್ತು. ಊರಿನವರು ಇವರ ಆಯ ನಿಲ್ಲಿಸಿಬಿಟ್ಟಿದ್ರಂತೆ, ವರ್ಷಕ್ಕೊಂದು ಸಲ ಕೊಡೋ ಕಾಳುಕಡ್ಡಿ. ಹೊಟ್ಟೆಗಿಲ್ದೆ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಎಲ್ಲೋ ಹೋದ, ಬದುಕಿದಾನೋ ಇಲ್ವೋ ಅಂತ ಯಾರೋ ಹೇಳಿದ್ರು. ನನ್ನಿಂದ ಒಂದು ಸಂಸಾರ ಹಾಳಾಯ್ತು ಅಂತ ಅಜ್ಜಿ ಅಂದ್ಕೊಂಡೇ ಇದ್ರು. ನಾನು ಎರಡು ವರ್ಷದಿಂದ ಹುಡುಕ್ತಿದೀನಿ. ಸಿದ್ದಪ್ಪ ಅಂದ್ರೆ ಯಾರಿಗೂ ಗೊತ್ತಿಲ್ಲ. ಮೊನ್ನೆ ನಮ್ಮ ಬೀದಿಯ ಕಟಿಂಗ್ ಶಾಪಿನ ಮುದುಕರ ಹತ್ತಿರ ಈ ಕತ್ತಿ ಕಥೆ ಹೇಳಿದೆ. ಓ, ಮೊಂಡುಗತ್ತಿಯವರಾ, ಅಜ್ಜಂಪುರದಲ್ಲಿ ಅವರೇ, ಅಂದ್ರು."

ಲಕ್ಷ್ಮಣಪ್ಪ ಕಾಫಿ ಲೋಟ ಕೆಳಗಿಟ್ಟ. ಮಾತಾಡಿದಾಗ ಅವನ ದನಿ ಬೇರೆಯಾಗಿತ್ತು.

"ನಿಮ್ಮಜ್ಜಿ ಸುಮ್ನೆ ಕೊರಗಿದ್ರು ಕಣಮ್ಮ. ನಾವು ಹಾಳಾಗಲಿಲ್ಲ. ಚೆನ್ನಾಗಾದ್ವಿ."

ಆಮೇಲಿನ ಕಥೆ ಅವನಿಗೆ ಅಪ್ಪನಿಂದ ಕೇಳಿ ಬಾಯಿಪಾಠವಾಗಿತ್ತು. ಊರು ಬಿಟ್ಟ ಸಿದ್ದಪ್ಪ ನೇರ ಅಜ್ಜಂಪುರ ಸ್ಟೇಷನ್ನಿಗೆ ಬಂದ. ಅದು ಇಲ್ಲಿಯವರು ಕಂಡ ಒಳ್ಳೆಯ ಕಾಲ. ಹಿಂದಿನ ಯುದ್ಧ ಮುಗಿದಿತ್ತು, ಮುಂದಿನದರ ಸುದ್ದಿ ಇರಲಿಲ್ಲ. ಹತ್ತಿ, ಕೊಬ್ಬರಿಯ ವ್ಯಾಪಾರ ಜೋರಾಗಿತ್ತು. ಗಾಡಿಗಳು ಗೂಡ್ಸ್ ಶೆಡ್ಡಿನಿಂದ ಕೆರೆಯ ಏರಿಯವರೆಗೂ ಸಾಲು ನಿಲ್ಲುತ್ತಿದ್ದವು. ಸ್ಟೇಷನ್ನಿನ ಎದುರಿಗೆ ಕಾಫಿ ಕ್ಲಬ್ ಬಂತು. ಮನೆಯಲ್ಲಿ ಒಬ್ಬರ ನೀರು ಒಬ್ಬರು ಮುಟ್ಟದವರು ಅಲ್ಲಿ ಒಂದೇ ಸೂರಿನಡಿ ಕಾಫಿ ಹೀರಲು ಶುರುಮಾಡಿದರು. ಕಡೂರಿನಿಂದ ಗ್ರಾಮಫೋನ್ ಬಂತು, ಸೈಕಲ್ ಬಂತು. ಮಂಡಿಯ ತೀರ್ಥಪ್ಪ ಎಂಬ ಲಿಂಗಾಯತ ವ್ಯಾಪಾರಿ ತನ್ನ ಅಂಗಡಿಯ ಜಗಲಿಯನ್ನು ಸಿದ್ದಪ್ಪನಿಗೆ ಬಿಟ್ಟುಕೊಟ್ಟ. ಒಂದು ಕುರ್ಚಿ, ಬಸ್ರಾದಿಂದ ತಂದ ಒಂದು ಕನ್ನಡಿ. ಜುಟ್ಟು ತೆಗೆಸಲು ಬರುವ ಹುಡುಗರು ಅಪ್ಪಂದಿರಿಗೆ ಹೆದರಿ ಹಿಂದಿನ ಓಣಿಯಿಂದ ಬರುತ್ತಿದ್ದರು. ವರ್ಷ ಕಳೆಯುವುದರಲ್ಲಿ ಆ ಅಪ್ಪಂದಿರೇ ಬರತೊಡಗಿದರು. ಐದನೇ ವರ್ಷಕ್ಕೆ ತಗಡಿನ ಸೂರು ಹಾಕಿದ ಸ್ವಂತ ಅಂಗಡಿಯಾಯಿತು. ಊರಿನವರು ಅವನನ್ನು ಮಿಲ್ಟ್ರಿ ಕಟಿಂಗ್‌ನವರು ಎನ್ನುತ್ತಿದ್ದರು. ಮೊಂಡುಗತ್ತಿ ಎಂಬ ಹೆಸರು ನೆಂಟರ ಬಾಯಲ್ಲಿ ಮಾತ್ರ ಉಳಿಯಿತು.

"ನಮ್ಮಪ್ಪನ್ನ ಮಿಡ್ಲ್ ಸ್ಕೂಲ್ ತನಕ ಓದಿಸಿದ್ರು. ನಮ್ ಸೋದರತ್ತೇನೂ ಶಾಲೆಗೆ ಕಳಿಸಿದ್ರು, ಆ ಕಾಲ್ದಲ್ಲಿ" ಎಂದ ಲಕ್ಷ್ಮಣಪ್ಪ. "ಆವಯ್ಯ ಊರು ಬಿಡ್ದೇ ಇದ್ದಿದ್ರೆ ನಾವೂ ಇನ್ನೂ ಯಾರ್ದೋ ಜಗಲಿ ಕೆಳಗೆ ಕಾಳಿಗೆ ಸೆರಗೊಡ್ಡಿ ನಿಂತಿರ್ತಿದ್ವಿ. ನಿಮ್ಮಜ್ಜಿ ದೆಸೆಯಿಂದ ನಮ್ಗೂ ದಾರಿ ಆಯ್ತು ತಾಯಿ. ಸೀರೆ ತಗೊಂಡು ಬಂದಾಗ ಅವರು ಈ ಸ್ಟೇಷನ್ನಲ್ಲೇ ಇಳಿದಿರ್ಬೇಕು. ತಲೆ ಎತ್ತಿ ನೋಡಿದ್ರೆ ಎದುರಿಗೇ ಇದ್ವಲ್ಲ."

ಕೋಮಲಾ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಕ್ಕೂ ನಕ್ಕರು.

"ಆದ್ರೆ ಮುತ್ತಾತ ಯಾಕೆ ಹೇಳ್ಲಿಲ್ಲ, ಸ್ವಂತ ಮಗಂಗೂ ಹೇಳ್ಲಿಲ್ವಲ್ಲ?" ಎಂದು ಚಂದ್ರಕುಮಾರ ಕೇಳಿದ.

ಲಕ್ಷ್ಮಣಪ್ಪನಿಗೆ ತಾತ ತೀರಿಕೊಂಡಾಗ ಏಳು ವರ್ಷ. ನೆನಪಿದ್ದದ್ದು ಇಷ್ಟೇ. ತೆಳ್ಳಗಿನ ಮುದುಕ, ಹೆಚ್ಚು ಮಾತಿಲ್ಲ, ಕನ್ನಡಿ ಇಲ್ಲದೆ ತನ್ನ ಗಡ್ಡ ತಾನೇ ಹೆರೆದುಕೊಳ್ಳುತ್ತಿದ್ದ. "ಒಂದು ಹೆಣ್ಮಗಳ ವಿಷಯ ನಾಕು ಜನರ ಬಾಯಿಗೆ ಹಾಕ್ಬಾರ್ದು ಅಂತ ಇರ್ಬೇಕು ಕಣೋ" ಎಂದ. "ಜನ ತನ್ಗೇ ಏನಾದ್ರೂ ಅಂದ್ಕಳ್ಳಿ ಅಂತ ಬಿಟ್ಟಿದಾನೆ."

ಹೊರಡುವಾಗ ಕೋಮಲಾ ಮುಂದಿನ ಭಾನುವಾರ ಕಡೂರಿಗೆ ಊಟಕ್ಕೆ ಬರಲೇಬೇಕು ಎಂದು ಹೇಳಿಹೋದರು.

ಭಾನುವಾರ ಸೆಲೂನಿಗೆ ಬಿಡುವಿಲ್ಲದ ದಿನ. ಚಂದ್ರಕುಮಾರನಿಗೆ ಹೋಗಲಾಗಲಿಲ್ಲ. ಲಕ್ಷ್ಮಣಪ್ಪ ಬಿಳಿ ಪಂಚೆ, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ಹಣ್ಣು ಹೂವು ತೆಗೆದುಕೊಂಡು ಒಬ್ಬನೇ ಬಸ್ಸಿನಲ್ಲಿ ಹೋದ. ಕೋಮಲಾ ಬಸ್ ಸ್ಟ್ಯಾಂಡಿಗೇ ಬಂದಿದ್ದರು.

ಮನೆಯಲ್ಲಿ ಇನ್ನೊಬ್ಬರು ಕಾಯುತ್ತಿದ್ದರು. ಪ್ರೇಮಮ್ಮ ಎಂದು, ಎಂಬತ್ತನಾಲ್ಕು ವರ್ಷದವರು, ಪಕ್ಕದ ಬೀದಿಯವರು. ತೆಂಗಿನ ತೋಟದ ಲಿಂಗಾಯತರ ಮನೆತನ. ಕಾಮಾಕ್ಷಮ್ಮನ ಹತ್ತಿರ ಓದಿದವರಲ್ಲಿ ಉಳಿದ ಕೆಲವರಲ್ಲಿ ಒಬ್ಬರು.

"ನಮ್ಮಪ್ಪ ಮೂರನೇ ಕ್ಲಾಸಿಗೇ ಬಿಡಿಸಿದ್ರು" ಎಂದು ಅವರು ಲಕ್ಷ್ಮಣಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು. "ಮಿಸ್ಸು ನಮ್ಮನೆ ಜಗಲಿ ಮೇಲೆ ಬಂದು ಕೂತ್ರು. ಹುಡುಗೀನ ಕಳಿಸೋ ತನಕ ಏಳಲ್ಲ ಅಂದ್ರು. ಅಪ್ಪ ತೋಟಕ್ಕೆ ಹೋಗಿ ಬಂದ್ರು, ಮಿಸ್ಸು ಅಲ್ಲೇ ಕೂತಿದ್ರು. ಮಾರನೇ ದಿನ ಮತ್ತೆ ಬಂದು ಕೂತ್ರು. ಮೂರನೇ ದಿನ ಅಪ್ಪಂಗೇ ನಾಚಿಕೆ ಆಗೋಯ್ತು. ನಾನು ಎಸ್ಸೆಸ್ಸೆಲ್ಸಿ ಮಾಡ್ದೆ, ಪೋಸ್ಟಾಫೀಸಲ್ಲಿ ಕೆಲಸ ಮಾಡ್ದೆ. ಕೋಮಲಾ ಮೊನ್ನೆ ಹೇಳೋ ತನಕ ನಂಗೆ ನಿಮ್ಮ ತಾತನ ವಿಷಯ ಗೊತ್ತೇ ಇರಲಿಲ್ಲ ಕಣಪ್ಪಾ. ಇನ್ನೂರು ಮುನ್ನೂರು ಹುಡುಗೀರು ನಿಮ್ಮ ಮನೆಯವರಿಗೆ ಋಣಿ ಆಗಿದೀವಿ, ಅವರು ಯಾರು ಅಂತ ಗೊತ್ತಿಲ್ದೇ."

ಲಕ್ಷ್ಮಣಪ್ಪ ಕೈ ಮುಗಿದ.

ನಡುಮನೆಯ ಗೋಡೆಯಲ್ಲಿ ಕಾಮಾಕ್ಷಮ್ಮನ ಫೋಟೋ ಇತ್ತು. ರಿಟೈರ್ ಆದ ದಿನ ತೆಗೆದದ್ದು. ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ, ಬಿಳಿ ಸೀರೆ, ಕೊರಳಲ್ಲಿ ಹಾರ. ಅರ್ಧ ನರೆತ ದಪ್ಪ ಜಡೆಯನ್ನು ಭುಜದ ಮುಂದಕ್ಕೆ ಹಾಕಿಕೊಂಡಿದ್ದಾರೆ, ಫೋಟೋಕ್ಕೆಂದೇ ಹಾಕಿಕೊಂಡ ಹಾಗೆ. ಲಕ್ಷ್ಮಣಪ್ಪ ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋಗಿ ನೋಡಿದ. ಐವತ್ತು ವರ್ಷ ಜನರ ತಲೆಯನ್ನೇ ನೋಡಿದವನು.

"ಒಳ್ಳೇ ಕೂದ್ಲು" ಎಂದ.

ಊಟಕ್ಕೆ ಮೇಜಿನ ಮೇಲೆ ಎಲೆ ಹಾಕಿದ್ದರು. ಲಕ್ಷ್ಮಣಪ್ಪ ಹುಡುಗನಾಗಿದ್ದಾಗ ಅಪ್ಪನ ಜೊತೆ ಇಂಥ ಮನೆಗಳಿಗೆ ಹಿತ್ತಿಲ ಬಾಗಿಲಿನಿಂದ ಹೋಗಿದ್ದ. ಕೆಲಸ ಮುಗಿದ ಮೇಲೆ ಗೋಡೆಯ ಮೇಲೆ ಇಂಥ ಕೆಲಸದವರಿಗೆಂದೇ ಇಟ್ಟಿದ್ದ ಲೋಟಕ್ಕೆ ಎತ್ತರದಿಂದ ಕಾಫಿ ಸುರಿಯುತ್ತಿದ್ದರು. ಅಭ್ಯಾಸದಿಂದ ಇವತ್ತೂ ಒಂದು ಗಳಿಗೆ ಎಲ್ಲಿ ಕೂರಬೇಕೆಂದು ನೋಡಿದ. ಕೋಮಲಾ ತಮ್ಮ ಎದುರಿನ ಕುರ್ಚಿ ಎಳೆದರು. ಹುರುಳಿಕಾಯಿ ಪಲ್ಯ, ತಿಳಿಸಾರು, ಹಯಗ್ರೀವ. ಅವರೇ ಬಡಿಸಿದರು. ಊಟವಾದ ಮೇಲೆ ಅವನು ತನ್ನ ಎಲೆ ಮಡಚಿ ಎತ್ತಿಕೊಂಡು ಹಿತ್ತಿಲ ಕಡೆ ತಿರುಗಿದ. ಕೋಮಲಾ ಅವನ ಕೈಯಿಂದ ಎಲೆಯನ್ನು ತೆಗೆದುಕೊಂಡರು.

"ಬಿಡಿ ಅಣ್ಣ. ನಾನು ತೆಗೀತೀನಿ."

ಅವನು ಬಿಟ್ಟುಕೊಟ್ಟ.

ಸಂಜೆ ನಾಲ್ಕರ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಪಕ್ಕದಲ್ಲಿ ಒಬ್ಬ ಅಪರಿಚಿತ, ನಲವತ್ತರ ಆಸುಪಾಸಿನ ರೈತ, ಕಡೂರಿನಲ್ಲಿ ಪಂಪ್‌ಸೆಟ್ಟಿನ ಸಾಮಾನು ಕೊಂಡು ಹೊರಟವನು. ಬಸ್ಸು ಕಡೂರು ಬಿಟ್ಟ ಮೇಲೆ ಆತ ಸುಮ್ಮನೆ ಮಾತಿಗೆ ಎಳೆದ.

"ಯಾವ ಕಡೆ ಅಜ್ಜಾರು? ನೆಂಟರ ಮನೆಗೆ ಬಂದಿದ್ರಾ?"

"ಹೂಂ ಕಣಪ್ಪಾ" ಎಂದ ಲಕ್ಷ್ಮಣಪ್ಪ. "ನೆಂಟರ ಮನೇನೇ."

ಹೊರಗೆ ತೆಂಗಿನ ತೋಟಗಳು, ನಡುವೆ ಉಳುಮೆಯಾದ ಹೊಲಗಳು ಹಿಂದೆ ಸರಿಯುತ್ತಿದ್ದವು. ಬೀರೂರಿನಲ್ಲಿ ಬಸ್ಸು ನಿಂತು ಜನ ಹತ್ತಿ ಇಳಿದರು. ಮತ್ತೆ ಹೊರಟಾಗ ಲಕ್ಷ್ಮಣಪ್ಪ ಆ ರೈತನ ಕಡೆ ತಿರುಗಿ ಕೂತ.

"ನಮ್ ತಾತ ಒಬ್ಬ ಇದ್ದ ಕಣಪ್ಪಾ" ಎಂದ. "ಸಿದ್ದಪ್ಪ ಅಂತ. ಕಟಿಂಗ್ ಕೆಲಸದೋನು. ಮೊದಲ್ನೇ ಯುದ್ಧಕ್ಕೆ ಹೋಗಿ ಬಂದಿದ್ದ."

ರೈತ ಸಾಮಾನಿನ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೇಳಲು ಕೂತ. ಲಕ್ಷ್ಮಣಪ್ಪ ಮೊದಲಿನಿಂದ ಹೇಳುತ್ತ ಹೋದ.